ಗೆಳೆಯರ ಕ್ವಿಜ್ ರಾತ್ರಿಗೆ ಕಹೂಟ್: ವೇಗ ಹೆಚ್ಚು, ಚರ್ಚೆಗೆ ಜಾಗ ಕಡಿಮೆ

ಅಂಕ ಕೂಡಿಸುವ ಜಗಳವೇ ಬೇಡ ಎನ್ನುವವರಿಗೆ 2013ರಲ್ಲಿ ಬಂದ, ಅಂಕವನ್ನು ತಾನೇ ಲೆಕ್ಕ ಹಾಕುವ ನಾರ್ವೆಯ ಆನ್‌ಲೈನ್ ಕ್ವಿಜ್ ಆಟ ಕಹೂಟ್ ಒಳ್ಳೆಯ ಆಯ್ಕೆ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಪರದೆಯಲ್ಲಿ ಕಾಣುವ ಪಿನ್ ಅನ್ನು ಎಲ್ಲರೂ ಫೋನಿನಲ್ಲಿ ಒತ್ತಿದರೆ ಆಟ ಶುರು. ಆಡುವವರು ಖಾತೆ ತೆರೆಯಬೇಕಿಲ್ಲ.

ಗಮನಿಸಬೇಕಾದದ್ದು ಅಂಕದ ಲೆಕ್ಕ. ಮಾಮೂಲಿ ಪ್ರಶ್ನೆಗೆ ಗರಿಷ್ಠ 1000, ತಡವಾದಷ್ಟೂ ಇಳಿಯುತ್ತದೆ. 20 ಸೆಕೆಂಡಿನ ಪ್ರಶ್ನೆಗೆ 10ನೇ ಸೆಕೆಂಡಿನಲ್ಲಿ ಸರಿಯುತ್ತರ ಒತ್ತಿದರೆ 750, ಕೊನೇ ಗಳಿಗೆಯಲ್ಲಾದರೆ ಸುಮಾರು 500. ಹೀಗಾಗಿ ಯೋಚಿಸಿ ಉತ್ತರಿಸುವವರು ಹಿಂದೆ ಬೀಳುತ್ತಾರೆ, ಬೆರಳು ಚುರುಕಿದ್ದವರು ಗೆಲ್ಲುತ್ತಾರೆ. ಕ್ವಿಜ್‌ನ ನಿಜವಾದ ರುಚಿ ಇರುವುದೇ "ಅದಲ್ಲ ಕಣೋ, ಇದು" ಎಂಬ ಗುಸುಗುಸು ವಾದದಲ್ಲಿ. ಅದಕ್ಕೆ 20 ಸೆಕೆಂಡು ಎಲ್ಲಿ ಸಾಕು? ಸಮಯವನ್ನು 60ಕ್ಕೆ ಏರಿಸಿ, ತಂಡಕ್ಕೆ ಒಂದೇ ಫೋನ್ ಕೊಡಿ. ಆಟದ ಕಳೆಯೇ ಬದಲಾಗುತ್ತದೆ.

ಪ್ರಶ್ನೆ 120 ಅಕ್ಷರ ಮೀರುವಂತಿಲ್ಲ. ಸುಳಿವು ಹೆಣೆದು ಕೇಳುವ ಉದ್ದನೆಯ ಪ್ರಶ್ನೆಗಳನ್ನು ಬಾಯಲ್ಲೇ ಓದಬೇಕು. ಸಿದ್ಧ ಪ್ರಶ್ನೆಪಟ್ಟಿಗಳಲ್ಲಿ ಹೆಚ್ಚಿನವು ಬಳಕೆದಾರರೇ ಬರೆದವು, ತಪ್ಪು ಉತ್ತರಗಳೂ ನುಸುಳಿರುತ್ತವೆ. ಆಡಿಸುವ ಮೊದಲು ಪೂರ್ತಿ ಓದಿಕೊಳ್ಳಿ. ಉಚಿತ ಖಾತೆಗೆ ಆಟಗಾರರ ಸಂಖ್ಯೆಯ ಮಿತಿ ಇದೆ, ಗೆಳೆಯರನ್ನು ಕರೆಯುವ ಮುಂಚೆಯೇ ಅದನ್ನು ನೋಡಿಟ್ಟುಕೊಳ್ಳಿ.