‘ಸಪೋರ್ಟ್ ವಾಹನ ಇದೆ’ ಅಂದ ಮಾತ್ರಕ್ಕೆ ದುಡ್ಡು ಕಟ್ಟಬೇಡಿ: ಮಧುಗಿರಿ–ಪಾವಗಡ ಸೈಕಲ್ ಟ್ರಿಪ್‌ನಲ್ಲಿ ನಮಗಾದದ್ದು

ತುಮಕೂರು, ದೇವರಾಯನದುರ್ಗ, ಕೊರಟಗೆರೆ, ಮಧುಗಿರಿ, ಪಾವಗಡ. ಈ ದಾರಿಯಲ್ಲಿ ಗುಂಪಾಗಿ ಸೈಕಲ್ ಟ್ರಿಪ್ ಕರೆದುಕೊಂಡು ಹೋಗುತ್ತೇವೆ ಅನ್ನುವ ಪೋಸ್ಟರ್‌ಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ. ಊಟ, ರಾತ್ರಿ ತಂಗಲು ಜಾಗ, ಟೀ ಶರ್ಟು, ಮೆಡಲ್, ಜೊತೆಗೆ ‘ಫುಲ್ ಸಪೋರ್ಟ್ ವಾಹನ’. ಅಂಥ ಒಂದು ಟ್ರಿಪ್‌ಗೆ ನಮ್ಮ ಗುಂಪು ಹೋಗಿತ್ತು. ಜೊತೆಗಿದ್ದ ನಿವೃತ್ತ ಮೇಷ್ಟ್ರೊಬ್ಬರ ಜೀವ ಉಳಿಸಿದ್ದು ಹುಣಸೆಹಣ್ಣು ಆಯುತ್ತಿದ್ದ ಹೆಂಗಸರು. ಆ ಹೊತ್ತಿಗೆ ಸಪೋರ್ಟ್ ವಾಹನ ಊಟದ ಜಾಗದಲ್ಲಿ ನೆರಳು ನೋಡಿಕೊಂಡು ನಿಂತಿತ್ತು. ಆಯೋಜಕರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಅಲ್ಲೇ ತೀರ್ಮಾನವಾಗಲಿ. ಆದರೆ ಇಂಥ ಟ್ರಿಪ್‌ಗೆ ಹೊರಟಿರುವವರು ಹಣ ಕಟ್ಟುವ ಮೊದಲು ಇದನ್ನು ಪೂರ್ತಿ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ಈ ಸೀಮೆಯನ್ನು ಬಯಲುಸೀಮೆ ಅನ್ನುತ್ತಾರೆ ನಿಜ, ಆದರೆ ಸೈಕಲ್ ತುಳಿಯುವವರಿಗೆ ಇಲ್ಲಿ ಬಯಲು ಸಿಗುವುದು ಕಮ್ಮಿ. ದೇವರಾಯನದುರ್ಗವೇ ಸುಮಾರು 3,940 ಅಡಿ ಎತ್ತರ. ಅದನ್ನು ದಾಟಿದ ಮೇಲೂ ಕೊರಟಗೆರೆ, ಮಧುಗಿರಿ ಕಡೆ ಗುಡ್ಡದಿಂದ ಗುಡ್ಡಕ್ಕೆ ಏರಿಳಿತ ಇದ್ದೇ ಇರುತ್ತದೆ. ಮಧುಗಿರಿ ದಾಟಿ ಮಿಡಿಗೇಶಿ ಕಡೆ ಹೋದರೆ ಏರು ತಗ್ಗುತ್ತದೆ, ಬಿಸಿಲು ಹೆಚ್ಚುತ್ತದೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೋಗುತ್ತೆ ಅನ್ನುವ ಮಾತು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಟ್ರಿಪ್ ಇಟ್ಟಿದ್ದು ಶಿವರಾತ್ರಿ ಕಳೆದ ಮೇಲೆ. ‘ಬಿಸಿಲಿಗೆ ಏನು ವ್ಯವಸ್ಥೆ?’ ಅಂತ ಮೊದಲೇ ಕೇಳಿದ್ದೆವು. ‘ಗಾಡಿ ನಿಮ್ಮ ಜೊತೆಗೇ ಇರುತ್ತೆ, ಚಿಂತೆ ಬಿಡಿ’ ಅನ್ನುವ ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ.

ಮೊದಲ ತೊಂದರೆ ದೇವರಾಯನದುರ್ಗದಲ್ಲೇ ಶುರುವಾಯಿತು. ಮೇಲಿನ ಯೋಗನರಸಿಂಹಸ್ವಾಮಿ ಬೆಟ್ಟದಿಂದ ಕೆಳಗೆ ಇಳಿಯುವಾಗ ತಿರುವು ಮೇಲೆ ತಿರುವು. ಆಯೋಜಕರೇ ಬಾಡಿಗೆಗೆ ಕೊಟ್ಟಿದ್ದ ಸೈಕಲ್‌ನಲ್ಲಿದ್ದ ಒಬ್ಬ ಹುಡುಗ ಇಳಿಜಾರು ಪೂರ್ತಿ ಬ್ರೇಕ್ ಹಿಡಿದುಕೊಂಡೇ ಬಂದ. ಹಾಗೆ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಟ್ಯೂಬ್ ಸಿಡಿಯುತ್ತದೆ. ಹಿಂದೆ ಮುಂದೆ ಬದಲಿಸಿ, ಬಿಟ್ಟು ಬಿಟ್ಟು ಹಿಡಿಯಬೇಕು ಅಂತ ಹೊರಡುವ ಮೊದಲು ಯಾರೂ ಅವನಿಗೆ ಹೇಳಿರಲಿಲ್ಲ. ಟ್ಯೂಬ್ ಸಿಡಿದದ್ದು ಮುಂದಿನ ಚಕ್ರದ್ದು. ಪುಣ್ಯಕ್ಕೆ ಬಿದ್ದದ್ದು ಒಳಬದಿಗೆ, ಮೊಣಕೈ ತರಚಿತು ಅಷ್ಟೇ. ಹಿಂದಿನ ಬ್ರೇಕ್ ನೋಡಿದರೆ ಪ್ಯಾಡಿನ ರಬ್ಬರ್ ಸವೆದು ಒಳಗಿನ ಲೋಹ ರಿಮ್ಮಿಗೆ ಉಜ್ಜುತ್ತಿತ್ತು. ಬಾಡಿಗೆ ಸೈಕಲ್‌ನ ಬ್ರೇಕ್ ನೋಡದೆ ಬೆಟ್ಟ ಹತ್ತಿಸುವುದು ಅಂದರೆ ಏನು?

ವಾಹನಕ್ಕೆ ಫೋನ್ ಮಾಡಿದೆವು. ಬಂತು, ತುಂಬಾ ಹೊತ್ತಾದ ಮೇಲೆ. ಅದರಲ್ಲಿದ್ದ ಟ್ಯೂಬ್‌ಗಳೆಲ್ಲ ಬೈಕಿಗಿರುವಂಥ ದಪ್ಪ ವಾಲ್ವ್‌ನವು. ಆ ಸೈಕಲ್‌ನ ರಿಮ್ಮಿನಲ್ಲಿದ್ದದ್ದು ಸಣ್ಣ ಪ್ರೆಸ್ಟಾ ವಾಲ್ವ್‌ನ ತೂತು. ದಪ್ಪನೆಯದು ಅದರಲ್ಲಿ ತೂರುವುದೇ ಇಲ್ಲ. ಪ್ರೆಸ್ಟಾ ವಾಲ್ವ್‌ಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪೂ ಕೂರುವುದಿಲ್ಲ, ಮಧ್ಯೆ ಒಂದು ಹಿತ್ತಾಳೆ ಅಡಾಪ್ಟರ್ ತಿರುಗಿಸಬೇಕು. ಬೆರಳ ತುದಿಯಷ್ಟು ದೊಡ್ಡದು, ಪುಡಿಗಾಸಿನ ಸಾಮಾನು. ಅದೂ ಇರಲಿಲ್ಲ. ಕೊನೆಗೆ ಗುಂಪಿನವರೇ ಒಬ್ಬರು ತಮ್ಮ ಸ್ಪೇರ್ ಟ್ಯೂಬ್ ಕೊಟ್ಟು, ಕೈಪಂಪಿನಲ್ಲಿ ಗಾಳಿ ಹೊಡೆದು ಹೊರಡಿಸಿದರು. ಈ ಗಲಾಟೆಯ ನಡುವೆ ಬಾಗಿಲು ತೆಗೆದಿಟ್ಟಿದ್ದ ವಾಹನದಿಂದ ಕೋತಿಗಳು ಬಾಳೆಹಣ್ಣಿನ ಚೀಲ ಹೊತ್ತುಕೊಂಡು ಹೋದವು. ದುರ್ಗದಲ್ಲಿ ಕೋತಿ ಕಾಟ ಊರಿಗೇ ಗೊತ್ತು, ಆಯೋಜಕರಿಗೆ ಮಾತ್ರ ಹೊಸದು.

ಮಧುಗಿರಿಯಲ್ಲಿ ರಾತ್ರಿ ಕಳೆಯಿತು. ಊಟ, ಹಾಸಿಗೆ ಚೆನ್ನಾಗಿಯೇ ಇತ್ತು, ಅದನ್ನು ಇಲ್ಲ ಅನ್ನುವುದಿಲ್ಲ.

ಮರುದಿನ ಮಿಡಿಗೇಶಿ ದಾಟಿ ಮುಖ್ಯ ರಸ್ತೆ ಬಿಟ್ಟು ಹಳ್ಳಿ ದಾರಿಗೆ ಇಳಿದೆವು. ಬೈಕು, ಲಾರಿ ಕಾಟ ಇರಲ್ಲ ಅಂತ ಆ ದಾರಿಯನ್ನು ಆರಿಸಿದ್ದು ಆಯೋಜಕರೇ. ಆದರೆ ವಾಹನ ಮಾತ್ರ ಮುಖ್ಯ ರಸ್ತೆ ಹಿಡಿದು ಸೀದಾ ಊಟದ ಜಾಗಕ್ಕೆ ಹೋಗಿ ನಿಂತಿತು. ನಮ್ಮ ಹಿಂದೆ ಯಾರೂ ಇಲ್ಲ. ಗಟ್ಟಿಗರು ಮುಂದೆ ಹೋಗಿಬಿಟ್ಟರು, ಗುಂಪು ಕಿಲೋಮೀಟರ್‌ಗಟ್ಟಲೆ ಚದುರಿತು. ನಾನು ಮೇಷ್ಟ್ರ ಜೊತೆ ಹಿಂದುಳಿದಿದ್ದೆ. ಇಬ್ಬರ ಬಾಟಲಿಯೂ ಖಾಲಿ. ಒಂದು ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಕಂಡಿತು, ಕಾಯಿನ್ ಹಾಕಿದರೆ ಕ್ಯಾನ್ ತುಂಬುವಂಥದ್ದು. ಬೀಗ ಹಾಕಿ, ಜಾಲರಿಗೆ ಬಳ್ಳಿ ಹಬ್ಬಿತ್ತು. ಪಾವಗಡ, ಮಧುಗಿರಿ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಅಂತ ಕೇಳಿದ್ದ ಮೇಷ್ಟ್ರು ನಲ್ಲಿ ನೀರು ಬೇಡ ಅಂದರು. (ಇದನ್ನು ಓದುವವರಿಗೆ ಹೇಳಿಬಿಡುತ್ತೇನೆ: ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುವುದು ವರ್ಷಗಟ್ಟಲೆ ಕುಡಿದರೆ. ಬಾಯಾರಿ ಸಾಯುವ ಹೊತ್ತಿನಲ್ಲಿ ಅದಕ್ಕೆ ಹೆದರಿ ನೀರು ಬಿಡಬೇಡಿ.)

ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಮೇಷ್ಟ್ರ ಸೈಕಲ್ ರಸ್ತೆಯ ಈ ಕಡೆಯಿಂದ ಆ ಕಡೆಗೆ ವಾಲತೊಡಗಿತು. ‘ಸಾರ್, ನಿಲ್ಲಿಸಿ’ ಅಂದೆ. ನಿಲ್ಲಿಸಿ ನನ್ನ ಮುಖ ನೋಡಿ, ‘ಬೆಲ್ ಹೊಡೀತಾ?’ ಅಂತ ಕೇಳಿದರು. ಯಾವ ಬೆಲ್? ಇನ್ನೊಂದು ಸಲ ಕೇಳಿದರು, ‘ಮಕ್ಕಳು ಒಳಗೆ ಹೋದ್ವಾ?’ ಹಾಗೇ ಹ್ಯಾಂಡಲ್ ಮೇಲೆ ಕುಸಿದರು. ಮೈ ಮುಟ್ಟಿದರೆ ಸುಡುತ್ತಿತ್ತು.

ನನ್ನ ಕೂಗು ಕೇಳಿ ಪಕ್ಕದ ಹುಣಸೆ ತೋಪಿನಿಂದ ಹೆಂಗಸರು ಓಡಿ ಬಂದರು. ವಯಸ್ಸಾದ ಅಜ್ಜಿಯೊಬ್ಬರು ಮೊದಲು ಬೈದರು, ‘ಈ ಬಿಸ್ಲಾಗೆ ಯಾವನಪ್ಪ ಇವ್ರನ್ನ ಸೈಕಲ್ ಹತ್ಸಿದ್ದು? ನೆಳ್ಳಾಗೆ ಮಲಗ್ಸಮ್ಮ, ಬಟ್ಟೆ ಸಡ್ಲ ಮಾಡು.’ ಬಿಂದಿಗೆಯ ನೀರು ತಲೆ, ಕುತ್ತಿಗೆ, ಕಂಕುಳಿಗೆ ಹುಯ್ದರು. ಒಬ್ಬಾಕೆ ತನ್ನ ಸೆರಗು ನೆನೆಸಿ ಹಿಂಡಿ ಎದೆ ಮೇಲೆ ಹಾಕಿ, ಇನ್ನೊಬ್ಬಾಕೆ ಗೋಣಿಚೀಲದಲ್ಲಿ ಗಾಳಿ ಬೀಸಿದಳು. ಬಾಯಿಗೆ ನೀರು ಬಿಡಲು ನಾನು ಹೋದಾಗ ಅಜ್ಜಿ ಕೈ ತಡೆದರು, ‘ಎಚ್ರ ಆಗ್ಲಿ ತಾಳು, ನೆತ್ತಿಗೇರ್ತೈತೆ’ ಅಂತ. 108ಕ್ಕೆ ಫೋನ್ ಮಾಡಿದವರೂ ಅವರ ಮನೆಯ ಹುಡುಗನೇ, ನನ್ನ ಫೋನಿಗೆ ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಆಂಬುಲೆನ್ಸ್ ಬರುವ ಹೊತ್ತಿಗೆ ಮೇಷ್ಟ್ರು ಕಣ್ಣು ಬಿಟ್ಟಿದ್ದರು. ಎದ್ದು ಕೂತ ಮೇಲೆ ಉಪ್ಪು ಹಾಕಿದ ನೀರು ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಸಿದರು.

ಮಧುಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು ಇಷ್ಟು. ಬಿಸಿಲ ಹೊಡೆತಕ್ಕೆ ಮಾತು ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ ಅದು ಬರೀ ಸುಸ್ತಲ್ಲ, ಜೀವಕ್ಕೆ ಕುತ್ತು. ಆಂಬುಲೆನ್ಸ್‌ಗೆ ಕಾಯುತ್ತಾ ಕೂರದೆ ಇದ್ದ ಜಾಗದಲ್ಲೇ ಮೈ ತಣಿಸಬೇಕು. ಆ ಹೆಂಗಸರು ಮಾಡಿದ್ದು ಸರಿಯಾಗಿ ಅದನ್ನೇ. ನಮ್ಮ ವಾಹನದಲ್ಲಿದ್ದ ‘ಫಸ್ಟ್ ಏಡ್ ಬಾಕ್ಸ್’ ಸಂಜೆ ತೆಗೆದು ನೋಡಿದೆ. ಬ್ಯಾಂಡೇಜ್, ಒಂದು ನೋವಿನ ಸ್ಪ್ರೇ. ಓಆರ್‌ಎಸ್ ಪೊಟ್ಟಣ ಒಂದೂ ಇರಲಿಲ್ಲ, ಬರೀ ಮಿನರಲ್ ವಾಟರ್ ಬಾಟಲಿಗಳು. ಇಡೀ ದಿನ ಬೆವರು ಸುರಿಸಿ ಬರೀ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ವಾಕರಿಕೆ, ಗೊಂದಲ ಬರುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಅದೂ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಷ್ಟಕ್ಕೂ ಗತಿಯಿಲ್ಲದವರು ಟ್ರಿಪ್ ಯಾಕೆ ಮಾಡಬೇಕು?

ಡ್ರೈವರ್ ಮೇಲೆ ನನಗೆ ಕೋಪವಿಲ್ಲ. ಅವರು ಪಾಪ ಕೈ ಮುಗಿದರು: ‘ಮೇಡಂ, ನಂಗೆ ಹೇಳಿರೋದು ಲಗೇಜ್ ಊಟದ ಜಾಗಕ್ಕೆ ಮುಟ್ಸು ಅಂತ ಅಷ್ಟೇ. ಹಿಂದೆ ಬರ್ಬೇಕು ಅಂತ ಯಾರೂ ಹೇಳ್ಲಿಲ್ಲ.’ ಅನ್ಯಾಯ ಇರುವುದು ಇಲ್ಲೇ. ಲಗೇಜ್ ಗಾಡಿಯನ್ನು ಸಪೋರ್ಟ್ ವಾಹನ ಅಂತ ಮಾರುತ್ತಿದ್ದಾರೆ.

ಸಪೋರ್ಟ್ ಮಾಡುವುದು ಅಂದರೆ, ಗುಂಪು ಹೋಗುವ ದಾರಿಯಲ್ಲೇ ವಾಹನ ಹೋಗಬೇಕು. ಪ್ರತಿ ಕೂಡು ರಸ್ತೆಯಲ್ಲಿ ನಿಂತು, ಬಂದವರ ತಲೆ ಎಣಿಸಿ, ಕಡೆಯ ಸವಾರ ದಾಟಿದ ಮೇಲೆ ಮುಂದಿನ ಕೂಡು ರಸ್ತೆಗೆ ಹೋಗಬೇಕು. ಗುಂಪಿನ ಬಾಲಕ್ಕೆ ಟೂಲ್ ಕಿಟ್ ಇರುವ ಅನುಭವಿ ಸವಾರರೊಬ್ಬರು ಇರಬೇಕು, ಅವರಿಗಿಂತ ಹಿಂದೆ ಯಾರೂ ಉಳಿಯಬಾರದು. ನೆಟ್‌ವರ್ಕ್ ಸಿಗದ ಕಡೆ ಆಫ್‌ಲೈನ್ ಮ್ಯಾಪ್ ಇರಬೇಕು, ತಿರುವುಗಳಲ್ಲಿ ಸುಣ್ಣದಲ್ಲಿ ಒಂದು ಬಾಣ ಎಳೆದರೂ ಎಷ್ಟೋ ಅನುಕೂಲ. ದೊಡ್ಡ ಗುಂಪಾದರೆ ಒಂದು ವಾಹನ ಸಾಲದು, ಮುಂದೊಂದು ಹಿಂದೊಂದು ಬೇಕು. ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು ‘ವಾಹನ ಇದೆಯಾ’ ಅಂತಲ್ಲ. ‘ಹನ್ನೊಂದು ಗಂಟೆಗೆ ವಾಹನ ಎಲ್ಲಿರುತ್ತೆ, ಅದರಲ್ಲಿ ಯಾರಿರುತ್ತಾರೆ, ಕೊನೆಯವರ ಹಿಂದೆ ಯಾರಿರುತ್ತಾರೆ’ ಅಂತ ಕೇಳಿ. ಈ ಪ್ರಶ್ನೆಗೆ ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ತಿಳಿದಂತಿಲ್ಲ. ಆ ಘಟನೆಯ ನಂತರ ಹೆದರಿ ಸೈಕಲ್ ಬಿಟ್ಟವರನ್ನು ವಾಪಸ್ ಕರೆತರಲು ಆಯೋಜಕರು ಒಂದು ಗೂಡ್ಸ್ ಪಿಕಪ್ ಕಳಿಸಿದರು. ಸೈಕಲ್‌ಗಳನ್ನು ಒಂದರ ಮೇಲೊಂದು ಒಟ್ಟಿ, ಜನರನ್ನೂ ಹಿಂದೆಯೇ ಹತ್ತಿಸಿದರು. ಸರಕಿನ ಗಾಡಿಯಲ್ಲಿ ಹಿಂದೆ ಜನ ಕೂರುವುದೇ ಕಾನೂನಿಗೆ ವಿರುದ್ಧ. ಅಪಘಾತವಾದರೆ ಹಾಗೆ ಕೂತವರಿಗೆ ವಿಮೆ ಕಂಪನಿ ಪರಿಹಾರ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಬಿಳಿ ಬೋರ್ಡ್ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸಿದರೂ ವಿಮೆಯವರು ತಕರಾರು ತೆಗೆಯುತ್ತಾರೆ. ಬರುವ ಗಾಡಿ ಹಳದಿ ಬೋರ್ಡಿನ ಪ್ರಯಾಣಿಕರ ವಾಹನವೇ ಅಂತ ನೋಡಿ ಹತ್ತಿ. ಸೈಕಲ್‌ಗಳಿಗೂ ಒಂದು ರೀತಿ ಇದೆ: ಚೈನ್ ಇರುವ ಬದಿ ಮೇಲೆ ಬರಬೇಕು, ನಡುವೆ ಹಳೆ ಕಂಬಳಿಯೋ ಗೋಣಿಚೀಲವೋ ಇರಬೇಕು. ನಮ್ಮಲ್ಲಿ ಒಬ್ಬರ ಸೈಕಲ್‌ನಲ್ಲಿ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ತೂಗುವ ಹ್ಯಾಂಗರ್ ಸೊಟ್ಟಗಾಗಿ, ಗೇರ್ ಬದಲಿಸಿದರೆ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳುವಂತಾಗಿತ್ತು.

ಹಣ ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ, ‘ನಿಮ್ಮ ಜವಾಬ್ದಾರಿ ಅಂತ ಫಾರ್ಮಿಗೆ ಸಹಿ ಹಾಕಿದ್ದೀರಲ್ಲ.’ ಸಹಿ ಹಾಕಿದ್ದು ಸೈಕಲ್ ತುಳಿಯುವ ಅಪಾಯಕ್ಕೆ, ಕೊಡುತ್ತೇವೆ ಅಂದ ಸೇವೆ ಕೊಡದಿರುವುದಕ್ಕಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರನ್ನು ನಾವಿರುವ ಜಿಲ್ಲೆಯಲ್ಲೇ ಕೊಡಬಹುದು, ಆಯೋಜಕರ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು, ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ಕೇಳಬಹುದು. ನಮಗೆ ಈಗ ಕೈಹಿಡಿಯುತ್ತಿರುವುದು ಆ ಪೋಸ್ಟರ್‌ನ ಫೋಟೋ, ಹಣ ಕಟ್ಟಿದ ರಸೀದಿ ಮತ್ತು ‘ಗಾಡಿ ನಿಮ್ಮ ಜೊತೆಗೇ ಇರುತ್ತೆ’ ಅನ್ನುವ ಆ ಮೆಸೇಜ್. ಇಂಥ ಟ್ರಿಪ್‌ಗೆ ಈಗಾಗಲೇ ದುಡ್ಡು ಕಟ್ಟಿರುವವರು ಇವತ್ತೇ ನಿಮ್ಮ ಬಳಿ ಇರುವುದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ. ವಾಹನದ ವಿಷಯ ಫೋನಿನಲ್ಲಿ ಮಾತಾಡಿದ್ದರೆ, ಅದನ್ನೇ ಬರಹದಲ್ಲಿ ಕಳಿಸಿ ಅಂತ ಕೇಳಿ ಪಡೆಯಿರಿ.