ದಿವಾಡಿ, ಚೋಡಣದ ಒಡ್ಡುಗಳ ಮೇಲೆ ನನ್ನ ಮೌಂಟನ್ ಬೈಕ್: ಹಲವು ವರ್ಷಗಳ ಬಳಕೆಯ ನಂತರ

ಬೆಳಗಾವಿ, ಹುಬ್ಬಳ್ಳಿ ಕಡೆಯ ಸೈಕಲ್ ಗೆಳೆಯರು ಗೋವಾಕ್ಕೆ ಬರುವ ಮುಂಚೆ ಕೇಳುವುದು ಒಂದೇ ಪ್ರಶ್ನೆ. ಚೋರ್ಲಾ ಘಾಟ್ ಇಳಿದ ಮೇಲೆ ಬೆಟ್ಟ ಎಲ್ಲಿದೆ, ಮೌಂಟನ್ ಬೈಕ್ ತಂದು ಏನು ಮಾಡೋದು? ನಾನು ಪಣಜಿಯಲ್ಲಿದ್ದು ಇಷ್ಟು ವರ್ಷ ಮೌಂಟನ್ ಬೈಕ್ ಓಡಿಸಿದ್ದು ಬಹುಪಾಲು ಸಪಾಟು ನೆಲದಲ್ಲೇ. ಮಾಂಡವಿ ನದಿಯ ನಡುವಿನ ದಿವಾಡಿ ಮತ್ತು ಚೋಡಣ ದ್ವೀಪಗಳ ಮಣ್ಣಿನ ಒಡ್ಡುಗಳ ಮೇಲೆ, ಆಗೀಗ ದಕ್ಷಿಣದ ಸಾಷ್ಟಿ ತಾಲೂಕಿನ ಕಡಲ ದಂಡೆಯಲ್ಲಿ. ಹಾಗಾಗಿ ಬೈಕ್ ಬಗ್ಗೆ ಬರೆಯುವಾಗ ದಾರಿಯ ಬಗ್ಗೆಯೂ ಬರೆಯಲೇಬೇಕು. ಯಾವ ಭಾಗ ಉಳಿಯಿತು, ಯಾವುದು ಹೋಯಿತು ಅನ್ನುವುದನ್ನು ತೀರ್ಮಾನಿಸಿದ್ದು ಇಲ್ಲಿನ ಉಪ್ಪು, ಕೆಸರು ಮತ್ತು ಗಾಳಿ.

ಬೈಕ್ ಸಾಧಾರಣದ್ದು. 29 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮ್, ಮುಂದೆ 100 ಮಿಲಿಮೀಟರ್ ಆಡುವ ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರ ಹಿಡಿದು ಕುಲುಕು ನುಂಗುವ ಕವಲು), ಹಿಂದೆ ಸಸ್ಪೆನ್ಷನ್ ಇಲ್ಲ. ಶಿಮಾನೋ ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಕೊಂಡಾಗ ಮುಂದೆ ಪೆಡಲ್ ಬಳಿ ಚೈನ್ ಓಡುವ ಹಲ್ಲಿನ ಮೂರು ಚೈನ್‌ರಿಂಗ್ ಇತ್ತು. ಈಗ 32 ಹಲ್ಲಿನ ಒಂದೇ ರಿಂಗ್. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಸಿಗುವ ಹೆಚ್ಚಿನ ಬೈಕ್‌ಗಳು ಇಂಥವೇ, ಅವುಗಳಿಗೆ ಇಲ್ಲಿ ಆಗುವ ಪಾಡೂ ಇದೇ.

ಮೊದಲು ದಾರಿ. ಪಣಜಿಯಿಂದ ಹೊರಟರೆ ರಿಬಂದರ್ ತನಕ ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿಸಿದ ಪೋಂತ್ ದ ಲಿನ್ಯಾರಿಸ್ ಸೇತುವೆ ರಸ್ತೆ. ಸುಮಾರು 3 ಕಿಲೋಮೀಟರ್ ಉದ್ದ, ಒಂದು ಕಡೆ ನದಿ, ಇನ್ನೊಂದು ಕಡೆ ಉಪ್ಪಿನ ಆಗರ. ರಿಬಂದರ್ ಜೆಟ್ಟಿಯಿಂದ ಚೋಡಣಕ್ಕೂ ದಿವಾಡಿಗೂ ಫೆರಿ ಇದೆ. ಹಳೇ ಗೋವಾದ ವೈಸ್‌ರಾಯ್ ಕಮಾನಿನ ಹತ್ತಿರದಿಂದಲೂ ದಿವಾಡಿಗೆ ಫೆರಿ ಹೋಗುತ್ತದೆ. ನಾನು ಜಾಸ್ತಿ ಹತ್ತಿದ್ದು ಇದನ್ನೇ. ಸೈಕಲ್‌ಗೆ ಅಂತ ಇಲ್ಲಿ ಯಾರೂ ನನ್ನ ಹತ್ತಿರ ದುಡ್ಡು ಕೇಳಿಲ್ಲ. ಸ್ಕೂಟರ್‌ಗಳು ಇಳಿದು ಹೋಗಲಿ ಅಂತ ಒಂದು ನಿಮಿಷ ನಿಂತರೆ ಸಾಕು, ಆಮೇಲೆ ಗದ್ದೆಗಳ ನಡುವಿನ ರಸ್ತೆ ಪೂರ್ತಿ ನಮ್ಮದೇ.

ದಿವಾಡಿಯಲ್ಲಿ ಏರು ಅಂತ ಇರುವುದು ಪಿಯೆದಾದೆ ಊರಿನ ಗುಡ್ಡ ಒಂದು. ಅದರ ತುದಿಯ ಚರ್ಚ್ ಅಂಗಳದಲ್ಲಿ ನಿಂತರೆ ಮಾಂಡವಿ, ಆಚೆ ದಡದ ಹಳೇ ಗೋವಾದ ಗೋಪುರಗಳು, ಕೆಳಗೆ ಚೌಕ ಚೌಕ ಗದ್ದೆ, ಅದನ್ನು ಸೀಳಿಕೊಂಡು ಹೋಗುವ ಕೊಂಕಣ ರೈಲ್ವೆಯ ಏರಿ, ಎಲ್ಲ ಒಟ್ಟಿಗೆ ಕಾಣುತ್ತವೆ. ದ್ವೀಪದ ನಾರ್ವೆ ಕಡೆ ಗೋವಾ ಕದಂಬರ ಕುಲದೇವರು ಸಪ್ತಕೋಟೇಶ್ವರನ ಹಳೆಯ ಜಾಗವಿದೆ. ಗುಡಿ ಒಡೆದ ಮೇಲೆ ದೇವರು ಹೊಳೆ ದಾಟಿ ಡಿಚೋಲಿ ಸೀಮೆಗೆ ಹೋದ. ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಕಟ್ಟಿಸಿದ. ದಿವಾಡಿಯಲ್ಲಿ ಈಗ ಉಳಿದಿರುವುದು ಹಳೆಯ ಕೊಳ. ಕನ್ನಡದವರು ಇಲ್ಲಿವರೆಗೆ ಬಂದು ಇದನ್ನು ನೋಡದೆ ಹೋದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನು ಒಡ್ಡುಗಳು. ಇಲ್ಲಿಯ ಖಾಜನ್ ಗದ್ದೆಗಳು ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆ ನೋಡಿದವರಿಗೆ ಕೂಡಲೇ ಅರ್ಥವಾಗುತ್ತದೆ. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಎರಡೂ ಉಪ್ಪು ತಡೆಯುವ ತಳಿಗಳೇ. ಹೊಳೆಯ ಉಪ್ಪುನೀರು ಒಳಗೆ ಬರದಂತೆ ಕೆಸರುಮಣ್ಣು, ಹುಲ್ಲು, ಜಂಬಿಟ್ಟಿಗೆ ಕಲ್ಲು ಹಾಕಿ ಒಡ್ಡು ಕಟ್ಟಿದ್ದಾರೆ. ಹೊಳೆಯ ಕಡೆಗೆ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು ಅಲೆಯ ಹೊಡೆತ ತಡೆಯುತ್ತವೆ. ಒಡ್ಡಿನ ಮೇಲೆ ಒಬ್ಬ ಮನುಷ್ಯ ನಡೆಯುವಷ್ಟು ಕಾಲುದಾರಿ. ಅದೇ ನಮ್ಮ ಟ್ರೈಲ್.

ನಡುನಡುವೆ ಮಾನಸ ಅನ್ನುವ ತೂಬು ಸಿಗುತ್ತದೆ. ಅಲ್ಲಿ ಇಳಿದು ನೋಡಲೇಬೇಕು. ಕಲ್ಲಿನ ಗೋಡೆಗಳ ನಡುವೆ ಮರದ ಬಾಗಿಲು. ಉಬ್ಬರ ಬಂದಾಗ ಹೊಳೆಯ ನೀರೇ ಒತ್ತಿ ಬಾಗಿಲು ಮುಚ್ಚುತ್ತದೆ. ಇಳಿತದಲ್ಲಿ ಗದ್ದೆ ಕಡೆಯ ನೀರು ಒಳಗಿನಿಂದ ಒತ್ತಿ ಅದನ್ನೇ ತೆರೆಯುತ್ತದೆ. ಮೋಟಾರ್ ಇಲ್ಲ, ಕಾವಲುಗಾರ ತಿರುಗಿಸುವ ಚಕ್ರ ಇಲ್ಲ. ಹಲಗೆಗಳ ಸಂದಿಯಿಂದ ನೀರು ಸೀಟಿ ಹೊಡೆದ ಹಾಗೆ ಚಿಮ್ಮುತ್ತದೆ, ಹಲಗೆಗೆ ಅಂಟಿದ ಚಿಪ್ಪುಗಳು ತೊಳೆದು ಹೊಳೆಯುತ್ತವೆ. ಇಳಿತ ಶುರುವಾಗುವ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟಿ ಸಿಗಡಿಗೆ ಕಾಯುವವರು ಇರುತ್ತಾರೆ. ಆ ಮೀನಿನ ಹಕ್ಕು ಹರಾಜಿನಲ್ಲಿ ಹೋಗುತ್ತದೆ. ಒಡ್ಡು ದುರಸ್ತಿ, ತೂಬಿನ ಉಸ್ತುವಾರಿ ಹಿಂದೆ ಗಾಂವ್ಕರಿ, ಅಂದರೆ ಊರಿನವರೇ ಸೇರಿ ಜಮೀನು ನೋಡಿಕೊಳ್ಳುವ ವ್ಯವಸ್ಥೆಯ ಕೈಯಲ್ಲಿತ್ತು, ಈಗ ಹೆಚ್ಚಾಗಿ ಗೇಣಿದಾರರ ಸಂಘಗಳ ಕೈಯಲ್ಲಿದೆ. ಬಲೆ ಕಟ್ಟಿರುವಾಗ ಸೈಕಲ್ ಹೆಗಲಿಗೇರಿಸಿ ದಾಟಬೇಕು. ಒಡ್ಡು ಅವರ ದುಡಿಮೆಯ ಜಾಗ, ನಾವು ಅದರ ಮೇಲೆ ಹೋಗಿ ಬರುವವರು.

ಈಗ ಬೈಕ್ ವಿಷಯ. ಒಡ್ಡಿನ ಮೇಲೆ ನಿಜವಾಗಿ ಕೆಲಸ ಮಾಡುವುದು ಟೈರ್. ನನ್ನವು 2.25 ಇಂಚು, ಕಡಿಮೆ ಗಂಟಿನವು. ನನ್ನ ತೂಕ 70 ಕಿಲೋ ಆಸುಪಾಸು. ಒಣ ಒಡ್ಡಿಗೆ ಮುಂದೆ 24, ಹಿಂದೆ 27 ಪಿಎಸ್ಐ (ಟೈರ್ ಗಾಳಿಯ ಒತ್ತಡದ ಅಳತೆ) ಇಟ್ಟರೆ ಏಡಿ ತೋಡಿದ ತೂತುಗಳು, ಒಣಗಿ ಗಟ್ಟಿಯಾದ ಹೆಜ್ಜೆ ಗುರುತುಗಳು ಯಾವುದೂ ಕೈಗೆ ಹೊಡೆಯುವುದಿಲ್ಲ. ಡಾಂಬರು ರಸ್ತೆಗೆ 40 ಇಡುತ್ತೇನೆ. ಆ 40ರಲ್ಲೇ ಒಡ್ಡಿಗೆ ಇಳಿದರೆ ಯಾವ ಫೋರ್ಕ್ ಇದ್ದರೂ ಮೈಯೆಲ್ಲ ಅದುರುತ್ತದೆ. ಒಳ್ಳೆಯ ಪ್ರೆಷರ್ ಗೇಜ್ ಒಂದು ಕೊಳ್ಳಿ, ಬೇರೆ ಯಾವ ಅಪ್‌ಗ್ರೇಡ್‌ಗಿಂತಲೂ ಅದು ಜಾಸ್ತಿ ಸುಖ ಕೊಡುತ್ತದೆ. ಬೇಲಿಯ ಮುಳ್ಳಿನಿಂದಾಗಿ ಟ್ಯೂಬ್‌ಲೆಸ್ ಮಾಡಿಸಿದೆ, ಅದೂ ಸರಿಹೋಯಿತು. ಆದರೆ ತೂತು ಮುಚ್ಚಲು ಟೈರ್ ಒಳಗೆ ಹಾಕುವ ಸೀಲೆಂಟ್ ದ್ರವ ಇಲ್ಲಿನ ಸೆಕೆಗೆ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಆಗಾಗ ತುಂಬಿಸದಿದ್ದರೆ ಟೈರ್ ಒಳಗೆ ರಬ್ಬರ್ ಉಂಡೆ ಮಾತ್ರ ಉಳಿಯುತ್ತದೆ.

ಫೋರ್ಕ್ ದುಡ್ಡು ದಂಡ. ಸ್ಪ್ರಿಂಗ್ ಫೋರ್ಕಿನ ಸ್ಟೀಲ್ ಕೊಳವೆಗಳ ಮೇಲೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಸೂಜಿಮೊನೆಯಷ್ಟು ತುಕ್ಕಿನ ಚುಕ್ಕೆ ಎದ್ದವು. ಒಂದೊಂದು ಚುಕ್ಕೆಯೂ ಫೋರ್ಕ್ ಮೇಲೆ ಕೆಳಗೆ ಆಡಿದಾಗಲೆಲ್ಲ ರಬ್ಬರ್ ಸೀಲನ್ನು ಕೆರೆಯುತ್ತದೆ. ಸೀಲ್ ಹರಿದರೆ ಉಪ್ಪುಗಾಳಿಯ ತೇವ ಒಳಗೆ. ಅಂಗಡಿಯಲ್ಲಿ ಕೇಳಿದರೆ ತುಕ್ಕು ವಾರಂಟಿಗೆ ಬರಲ್ಲ ಅಂದರು. ಕರಾವಳಿಯಲ್ಲೇ ಅಂಗಡಿ ಇಟ್ಟು ಬೈಕ್ ಮಾರುವವರು ಈ ಮಾತನ್ನು ಮಾರುವಾಗಲೇ ಹೇಳಬೇಕು, ಅಲ್ವಾ? ಎತ್ತರದಿಂದ ಧುಮುಕುವ ಜಾಗ ಒಂದೂ ಇಲ್ಲದ ಈ ದ್ವೀಪಗಳಿಗೆ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್, ಅಗಲ ಟೈರ್ ಸಾಕು.

ಮೆಚ್ಚಿದ್ದು ಬ್ರೇಕ್. ಶಿಮಾನೋ ಬ್ರೇಕ್ ಮಿನರಲ್ ಆಯಿಲ್ ಮೇಲೆ ಓಡುತ್ತದೆ. ಬೇರೆ ಕೆಲವು ಬ್ರೇಕ್ ಬಳಸುವ ಡಾಟ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಇದು ಹೀರುವುದಿಲ್ಲ. ನಮ್ಮ ಹವೆಗೆ ಇದೇ ಸರಿ. ಪ್ಯಾಡ್ ಮಾತ್ರ ಬದಲಾಯಿಸಿದೆ. ಮರಳು, ಕೆಸರು ಸೇರಿದರೆ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ, ಮೆಟಲ್ ಪ್ಯಾಡ್ ಬಾಳುತ್ತದೆ. ಮೂರು ರಿಂಗ್ ತೆಗೆಸಿದ್ದೂ ಒಳ್ಳೆಯದಾಯಿತು. ಚೈನನ್ನು ರಿಂಗಿನಿಂದ ರಿಂಗಿಗೆ ಸರಿಸುವ ಮುಂದಿನ ಡಿರೇಲರ್ ಇದ್ದಾಗ ಅದರ ಕೆಳಗೆ ಜೇಡಿಮಣ್ಣು ಮೆತ್ತಿಕೊಂಡು ಗೇರ್ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಉಪ್ಪಿನ ಕೆಲಸ ಎಷ್ಟು ಬೇಗ ಅಂದರೆ, ಸಂಜೆ ಒಡ್ಡಿನಿಂದ ಬಂದು ಬೈಕನ್ನು ಹಾಗೇ ಒರಗಿಸಿಟ್ಟರೆ ಬೆಳಿಗ್ಗೆ ಚೈನ್ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಕಣ್ಣಿಗೆ ಕಾಣುವ ಈ ತುಕ್ಕಿಗೆ ಹೆದರಬೇಕಿಲ್ಲ. ಬಕೆಟ್ ಸಿಹಿನೀರು, ಹಳೇ ಬಟ್ಟೆ, ಎರಡು ಹನಿ ಎಣ್ಣೆ, ಮುಗಿಯಿತು. ಜೋರು ಪೈಪ್ ಮಾತ್ರ ಹಿಡಿಯಬೇಡಿ, ನೀರು ನೇರ ಬೇರಿಂಗ್ ಸೇರುತ್ತದೆ. ಕಾಣದೆ ಕೆಡುವುದು ಸೀಟ್ ಪೋಸ್ಟ್, ಅಂದರೆ ಸೀಟು ಹೊತ್ತು ಫ್ರೇಮ್ ಒಳಗೆ ಇಳಿಯುವ ಕೊಳವೆ. ಅಲ್ಯೂಮಿನಿಯಂ ಫ್ರೇಮ್ ಒಳಗೆ ಸ್ಟೀಲ್ ಬೋಲ್ಟ್, ಸ್ಟೀಲ್ ಪೋಸ್ಟ್ ಇದ್ದು ನಡುವೆ ಉಪ್ಪುತೇವ ಕೂತರೆ ಎರಡು ಲೋಹಗಳ ನಡುವೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಉಬ್ಬಿ ಪೋಸ್ಟನ್ನು ಗಟ್ಟಿ ಕಚ್ಚಿಕೊಳ್ಳುತ್ತದೆ. ನನ್ನದನ್ನು ಬಿಡಿಸಲು ಇಬ್ಬರು ಮೆಕ್ಯಾನಿಕ್‌ಗಳು ಫ್ರೇಮ್ ತಲೆಕೆಳಗೆ ಮಾಡಿ ಹಿಡಿದು ತಿರುಚಬೇಕಾಯಿತು. ಪ್ರತಿ ಬೇಸಿಗೆ ಶುರುವಿಗೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಸೀಟ್ ಪೋಸ್ಟ್, ಪೆಡಲ್, ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಎಲ್ಲ ಬಿಚ್ಚಿ ಗ್ರೀಸ್ ಹಚ್ಚಿ ಕೂರಿಸಿ. ಕರಾವಳಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ನನ್ನ ಮೊದಲ ಸಲಹೆ ಇದು.

ಸಪಾಟು ನೆಲ ಅಂದರೆ ಸುಲಭ ಅಂದುಕೊಳ್ಳುವವರನ್ನು ಇಲ್ಲಿಯ ಗಾಳಿ ಸುಸ್ತು ಮಾಡುತ್ತದೆ. ಬಿಸಿಲು ಏರಿದ ಮೇಲೆ ಕಡಲ ಗಾಳಿ ಎದ್ದರೆ ಬಯಲಿನ ಒಡ್ಡಿನ ಮೇಲೆ ಮರೆಗೆ ಒಂದು ಮರವೂ ಇಲ್ಲ. ಬೆಳಿಗ್ಗೆ ಬೇಗ ಪಶ್ಚಿಮಕ್ಕೆ ಮುಖ ಮಾಡಿ ಹೋಗಿ, ಬರುವಾಗ ಬೆನ್ನಿಗೆ ಗಾಳಿ ಸಿಗಲಿ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ತಗ್ಗು ಒಡ್ಡುಗಳ ಮೈ ತೊಯ್ದಿರುತ್ತದೆ. ಇಳಿತದ ಹೊತ್ತು ನೋಡಿಕೊಂಡೇ ಹೊರಡಿ.

ಚೋಡಣದಲ್ಲಿ ಇಳಿದ ಕೂಡಲೇ ಸಲೀಂ ಅಲಿ ಪಕ್ಷಿಧಾಮ. 1988ರಲ್ಲಿ ಆಗಿದ್ದು, 1.78 ಚದರ ಕಿಲೋಮೀಟರ್ ಕಾಂಡ್ಲ ಕಾಡು. ಅದು ಕಾಲ್ನಡಿಗೆಯಲ್ಲಿ ನೋಡುವ ಜಾಗ. ಬೈಕ್ ಹೊರಗೆ ಬಿಟ್ಟು ಹೋಗಿ, ಮಿಂಚುಳ್ಳಿಗಳು ಕೈಗೆಟಕುವಷ್ಟು ಹತ್ತಿರ ಕೂತಿರುತ್ತವೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಒಡ್ಡಿಗೆ ಚಕ್ರ ಇಳಿಸುವುದಿಲ್ಲ. ಜೇಡಿ ಮಣ್ಣು ಟೈರ್‌ಗೆ ಮೆತ್ತಿ ಚಕ್ರ ನಿಲ್ಲುತ್ತದೆ ಅನ್ನುವುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ. ಹಸಿ ಒಡ್ಡಿನ ಮೇಲೆ ಟೈರ್ ಒಂದು ಗೀರು ಬಿಟ್ಟರೆ ಮಳೆನೀರು ಅದರಲ್ಲೇ ಹರಿದು ಕೊರೆಯುತ್ತದೆ. ಏಡಿ ತೂತು ಸೇರಿಕೊಂಡರೆ ಒಡ್ಡು ಒಡೆಯಲು ಅಷ್ಟು ಸಾಕು. ಉಪ್ಪುನೀರು ನುಗ್ಗಿದ ಗದ್ದೆಯನ್ನು ಮತ್ತೆ ಮಳೆ ತೊಳೆಯಬೇಕು, ಆ ವರ್ಷದ ಬೆಳೆ ಹೋದಂತೆಯೇ. ಮಳೆಗಾಲದಲ್ಲಿ ಡಾಂಬರು ರಸ್ತೆಯಲ್ಲೇ ದ್ವೀಪ ಸುತ್ತಿ. ಆಗಸ್ಟ್‌ನ ನಾಲ್ಕನೇ ಶನಿವಾರ ದಿವಾಡಿಯಲ್ಲಿ ಬೊಂದೆರಾಂ ಹಬ್ಬ. ಆ ದಿನ ಫೆರಿ ತುಂಬಿರುತ್ತದೆ, ಸೈಕಲ್ ಬಿಟ್ಟು ಹೋಗುವುದೇ ಒಳ್ಳೆಯದು.

ಕಡಲ ದಂಡೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಕೋಲ್ವಾದಿಂದ ಬೆನಾವ್ಲಿ, ವಾರ್ಕಾ, ಕಾವೆಲೊಸಿಂ ದಾಟಿ ಸಾಳ ನದಿ ಕಡಲು ಸೇರುವ ಮೋಬೋರ್ ತನಕ ಇಳಿತದಲ್ಲಿ ಒದ್ದೆ ಮರಳು ರಸ್ತೆಯಷ್ಟೇ ಗಟ್ಟಿ. ಸುಖದ ಸವಾರಿ, ನಿಜ. ಆದರೆ ಚಕ್ರ ಎರಚುವ ಉಪ್ಪುನೀರು ಹಬ್‌ನ ಬೇರಿಂಗ್ ತಿಂದುಹಾಕುತ್ತದೆ, ಹಾಗಾಗಿ ನಾನು ಅಪರೂಪಕ್ಕೆ ಮಾತ್ರ ಹೋಗುತ್ತೇನೆ. ದಂಡೆಯ ಹಿಂದಿನ ಮರಳ ದಿಬ್ಬಗಳಿಗಂತೂ ಸೈಕಲ್ ಹತ್ತಿಸಲೇಬೇಡಿ. ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲು ಬೇರು ಬಿಟ್ಟು ಮರಳನ್ನು ಹಿಡಿದಿಟ್ಟಿವೆ. ಬಳ್ಳಿ ಹರಿದ ಜಾಗದಿಂದ ಗಾಳಿ ಮರಳು ಹೊರುತ್ತದೆ, ಹೊಂಡ ಬೀಳುತ್ತದೆ, ದಿಬ್ಬ ಅಲ್ಲಿಂದ ಕರಗುತ್ತದೆ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲೂ ದಿಬ್ಬಗಳಿಗೆ ಅತಿ ಹೆಚ್ಚಿನ ರಕ್ಷಣೆ ಇದೆ. ಮೊರ್ಜಿ, ಮಾಂದ್ರೆ, ಆಗೊಂದ, ಗಾಲ್ಜಿಬಾಗ್‌ಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಿಂದ ಬೇಸಿಗೆ ತನಕ ಮೊಟ್ಟೆಯಿಡುತ್ತವೆ. ಆ ದಂಡೆಗಳನ್ನು ಸವಾರಿ ಪಟ್ಟಿಯಿಂದಲೇ ತೆಗೆದಿದ್ದೇನೆ.

ಇದೇ ಬೈಕ್ ಮತ್ತೆ ಕೊಳ್ಳುತ್ತೀರಾ ಅಂದರೆ, ಫ್ರೇಮ್, ಬ್ರೇಕ್ ನೋಡಿ ಹೌದು ಅನ್ನುತ್ತೇನೆ, ಫೋರ್ಕ್ ನೋಡಿ ಇಲ್ಲ. ಫೋರ್ಕ್ ಈ ಮಳೆಗಾಲದಲ್ಲಿ ಬದಲಾಗುತ್ತಿದೆ, ಗಟ್ಟಿ ಫೋರ್ಕ್ ಆರ್ಡರ್ ಮಾಡಿದ್ದೇನೆ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಘಾಟ್ ಇಳಿದು ಬರುವವರು ಸಸ್ಪೆನ್ಷನ್ ಯೋಚನೆ ಬಿಡಿ. ಅಗಲ ಟೈರ್, ಗೇಜ್, ಚಿಕ್ಕ ಗ್ರೀಸ್ ಟ್ಯೂಬ್ ಚೀಲದಲ್ಲಿರಲಿ. ಹಳೇ ಗೋವಾದ ಬೆಳಗಿನ ಫೆರಿ ಹಿಡಿಯಿರಿ.