ಎರಡು ವರ್ಷ ಬಳಸಿದ ಮೇಲೆ: ಲೈಪೇಸ್ ತುಂಬಿದ ಹರಿವಿನ ಕಾಲಂ

ಮಾಲೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ, ಅಕ್ರಿಲಿಕ್ ರಾಳದ ಮಣಿಗಳ ಮೇಲೆ ಕೂರಿಸಿದ ಲೈಪೇಸ್ ಎಂಬ ಕೊಬ್ಬು ಒಡೆಯುವ ಕಿಣ್ವವನ್ನು ಉಕ್ಕಿನ ಕೊಳವೆಗೆ, ಅಂದರೆ ಕಾಲಂಗೆ ತುಂಬಿ, ಅದರ ಮೂಲಕ ದ್ರಾವಣವನ್ನು ಎಡೆಬಿಡದೆ ಹರಿಸುವ ವ್ಯವಸ್ಥೆಯನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇವೆ. ಫಿನೈಲ್‌ಎಥನಾಲ್‌ನ ಎರಡು ಕನ್ನಡಿರೂಪಗಳ (ಎಡಗೈ-ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾದ 'ಆರ್' ಮತ್ತು 'ಎಸ್' ಅಣುಗಳ) ಸಮಪಾಲಿನ ಮಿಶ್ರಣವನ್ನು ವಿನೈಲ್ ಅಸಿಟೇಟ್ ಜೊತೆ ಹರಿಸಿದಾಗ ಕಿಣ್ವವು ಬಹುಮಟ್ಟಿಗೆ 'ಆರ್' ರೂಪವನ್ನಷ್ಟೇ ಎಸ್ಟರ್ ಆಗಿಸುತ್ತದೆ. ಮಿಶ್ರಣದಲ್ಲಿ ಆ ರೂಪ ಅರ್ಧದಷ್ಟೇ ಇರುವುದರಿಂದ, ಇಲ್ಲಿ ಪರಿವರ್ತನೆ ಶೇ. 50ರ ಹತ್ತಿರ ನಿಲ್ಲುವುದು ದೋಷವಲ್ಲ, ಅದೇ ಗುರಿ.

ಹಿಂದೆ ಇದೇ ಕೆಲಸವನ್ನು ಫ್ಲಾಸ್ಕಿನಲ್ಲಿ ಮಾಡುತ್ತಿದ್ದೆವು. ಕಲಕುವ ಕಡ್ಡಿ ಮಣಿಗಳನ್ನು ಅರೆದು ಪುಡಿಮಾಡುತ್ತಿತ್ತು, ಆ ಪುಡಿ ಸೋಸುವ ಕಾಗದವನ್ನು ಕಟ್ಟಿಹಾಕುತ್ತಿತ್ತು. ಕಾಲಂನಲ್ಲಿ ಮಣಿಗಳು ಅಲುಗಾಡುವುದಿಲ್ಲ, ಸೋಸುವ ಕೆಲಸವೂ ಇಲ್ಲ.

ಆದರೆ ಪೂರೈಕೆದಾರರು ಹೇಳದೆ ಬಿಟ್ಟ ಸಂಗತಿಯೊಂದಿದೆ. ಈ ಕ್ರಿಯೆಯಲ್ಲಿ ಹುಟ್ಟುವ ಅಸಿಟಾಲ್ಡಿಹೈಡ್ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ದ್ರವ. ನಾವು ಕಾಲಂ ನಡೆಸುವುದು 50 ಡಿಗ್ರಿಯಲ್ಲಿ. ಹೊರದ್ವಾರದಲ್ಲಿ ಒತ್ತಡ ಹಿಡಿದಿಡುವ ಕವಾಟ ಇಲ್ಲದಿದ್ದಾಗ ಗುಳ್ಳೆಗಳೆದ್ದು, ದ್ರಾವಣವು ಮಣಿಗಳ ನಡುವೆ ತನಗೆ ತೋಚಿದ ದಾರಿ ಹಿಡಿದು, ಪರಿವರ್ತನೆ ದಿನಕ್ಕೊಂದು ಬಗೆಯಾಗುತ್ತಿತ್ತು. ಆ ಕವಾಟ ಪೊಟ್ಟಣದಲ್ಲಿ ಇರಲೇ ಇಲ್ಲ. ಬೇರೆಯಾಗಿ ಕೊಂಡು ಜೋಡಿಸಿದ ಮೇಲೆಯೇ ಅಂಕಿಗಳು ಹದಕ್ಕೆ ಬಂದವು. ವಾಸನೆಯ ಕಾಟ ಮಾತ್ರ ಹೊಗೆಗೂಡಿನಡಿ (ಫ್ಯೂಮ್ ಹುಡ್) ಇಟ್ಟರಷ್ಟೇ ತಪ್ಪುತ್ತದೆ.

ನಾಲ್ಕನೆಯ ತಿಂಗಳಲ್ಲಿ ಪರಿವರ್ತನೆ ಕುಸಿದಾಗ ಎಲ್ಲರೂ ಕಿಣ್ವ ಸತ್ತಿತೆಂದೇ ತೀರ್ಮಾನಿಸಿದೆವು. ಬಿಚ್ಚಿ ನೋಡಿದರೆ, ಕಾಲಂ ಸುತ್ತ ಬಿಸಿನೀರು ಹರಿಯುವ ಕವಚದೊಳಗೆ ನಮ್ಮ ಬೋರ್‌ವೆಲ್ ನೀರಿನ ಸುಣ್ಣ ದಪ್ಪಗೆ ಕಟ್ಟಿತ್ತು, ಶಾಖ ಒಳಗೆ ತಲುಪುತ್ತಲೇ ಇರಲಿಲ್ಲ. ಕೋಲಾರದ ಗಡಸು ನೀರು ಬಲ್ಲ ನಾವೇ ಇದನ್ನು ಮೊದಲು ಊಹಿಸಬೇಕಿತ್ತು. ಈಗ ಆರ್‌ಓ ನೀರನ್ನೇ ತುಂಬುತ್ತೇವೆ. ದ್ರಾವಕದಲ್ಲಿ ತೇವ ಹೆಚ್ಚಿದರೆ ವಿನೈಲ್ ಅಸಿಟೇಟ್ ಒಡೆದು ಅಸಿಟಿಕ್ ಆಮ್ಲವಾಗುವುದರಿಂದ ದ್ರಾವಕವನ್ನೂ ಒಣಗಿಸಿಯೇ ಪಂಪಿಗೆ ಕೊಡುತ್ತೇವೆ.

ಇದು ಹೊಸ ಹುಚ್ಚೆಂದು ಮೂಗು ಮುರಿಯುವ ಹಿರಿಯರಿಗೆ, ಜಪಾನಿನ ತನಾಬೆ ಸೆಯಾಕು ಕಂಪನಿ 1969ರಲ್ಲೇ ಕಿಣ್ವದ ಕಾಲಂಗಳಲ್ಲಿ ಅಮೈನೊ ಆಮ್ಲ ತಯಾರಿಸತೊಡಗಿತ್ತೆಂದು ನೆನಪಿಸಬಹುದು. ಆದರೂ ವಾರಕ್ಕೊಂದು ಹೊಸ ಅಣು ಮಾಡುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಪ್ರತಿ ಬದಲಾವಣೆಗೂ ಕಾಲಂ ತೊಳೆದು, ಹರಿವಿನ ವೇಗವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಒಂದೇ ಪದಾರ್ಥವನ್ನು ತಿಂಗಳುಗಟ್ಟಲೆ ಮಾಡುವವರಿಗೆ ಹಾಕಿದ ಹಣ ಹುಟ್ಟುತ್ತದೆ. ದಣಿದ ಮೊದಲ ಕಾಲಂ ಅನ್ನು ನಾವು ಎಸೆದಿಲ್ಲ. ಸಾಲಿನಲ್ಲಿ ಹೊಸದರ ಮುಂದೆ ಅದನ್ನೇ ಇಟ್ಟಿದ್ದೇವೆ, ಕೊಳೆಯೇನಿದ್ದರೂ ಅದಕ್ಕೇ ಮೊದಲು ತಾಗಲೆಂದು.